ಬೀಡಿ ಬಿಡಿಸಲು ನರ್ಸ್ ಕೈಗೊಂದು ಆಪ್: ಕೋಲಾರದಲ್ಲಿ ಇದರಿಂದ ಏನಾದೀತು?

‘ಸಿಗರೇಟು ಬಿಡಿಸಲು ಮೊಬೈಲ್ ಆಪ್’ ಎಂಬ ಸುದ್ದಿ ಈಚೆಗೆ ಆಗಾಗ ಕಣ್ಣಿಗೆ ಬೀಳುತ್ತಿದೆ. ಓದಿದವರಿಗೆ ಮೊದಲು ಬರುವ ಅನುಮಾನ ಒಂದೇ. ಫೋನಿಗೆ ಒಂದು ಆಪ್ ಹಾಕಿಕೊಂಡರೆ ಇಪ್ಪತ್ತು ವರ್ಷದ ಚಟ ಬಿಟ್ಟುಹೋಗುತ್ತದಾ? ಕೆಲವು ಸುದ್ದಿಗಳಲ್ಲಿ ಈ ಆಪ್ ಸೇದುವವರಿಗಲ್ಲ, ಡಾಕ್ಟರು, ನರ್ಸುಗಳಿಗೆ ಎಂದು ಬರೆದಿರುತ್ತದೆ. ಆಗ ಗೊಂದಲ ಇನ್ನೂ ಜಾಸ್ತಿ. ಬೀಡಿ ಸೇದಬೇಡಿ ಅಂತ ಹೇಳಲು ಡಾಕ್ಟರಿಗೆ ಫೋನ್ ಯಾಕೆ ಬೇಕು?

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಹುಡುಕಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ತಂಬಾಕು ನಿಯಂತ್ರಣ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು. ಸಾರ್ವಜನಿಕ ಜಾಗದಲ್ಲಿ ಸೇದಿದರೆ 200 ರೂಪಾಯಿ ಇದ್ದ ದಂಡ 1,000 ರೂಪಾಯಿವರೆಗೆ ಹೋಯಿತು. ಹುಕ್ಕಾ ಬಾರ್‌ಗಳಿಗೆ ನಿಷೇಧ ಬಂತು. ಅಂದರೆ ಸೇದುವವರ ಮೇಲೆ ಒತ್ತಡ ಹೆಚ್ಚಿತು. ಆದರೆ ಬಿಡಬೇಕು ಅಂದುಕೊಂಡವರಿಗೆ ನೆರವು ಎಲ್ಲಿದೆ? ಬೆಂಗಳೂರಿನಲ್ಲಿರುವವರು ನಿಮ್ಹಾನ್ಸ್‌ಗೆ ಹೋಗಬಹುದು. ಕೋಲಾರ ಜಿಲ್ಲೆಯ ಮುಳಬಾಗಿಲಿನ ಹಳ್ಳಿಯವರು ಎಲ್ಲಿಗೆ ಹೋಗಬೇಕು? ಅವರಿಗೆ ಹತ್ತಿರ ಇರುವುದು ಊರಿನ ಉಪಕೇಂದ್ರ, ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ), ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ. ಆಪ್ ಮಾತು ಬರುವುದು ಇಲ್ಲಿ.

ಒಂದೇ ಹೆಸರು, ಎರಡು ಬಗೆಯ ಆಪ್

ಸುದ್ದಿಗಳಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಿಂದ ಕರೆಯುತ್ತಾರೆ. ಗೊಂದಲದ ಮೂಲ ಅದೇ.

ಮೊದಲನೆಯದು ಸೇದುವವರೇ ತಮ್ಮ ಫೋನಿಗೆ ಹಾಕಿಕೊಳ್ಳುವುದು. ಎಷ್ಟು ದಿನ ಬಿಟ್ಟಿದ್ದೀರಿ, ಎಷ್ಟು ದುಡ್ಡು ಉಳಿಯಿತು ಅಂತ ಅದು ಲೆಕ್ಕ ತೋರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಕಚೇರಿ 2022ರಲ್ಲಿ ಇಂಥದ್ದೊಂದನ್ನು ಹೊರತಂದಿತು. ಅದಕ್ಕೂ ಮುಂಚೆ, 2016ರಲ್ಲಿ, ಭಾರತ ಸರ್ಕಾರ ಇನ್ನೂ ಸರಳವಾದ ದಾರಿ ಹಿಡಿದಿತ್ತು. ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಬಿಡಲು ಧೈರ್ಯ ತುಂಬುವ ಮೆಸೇಜ್‌ಗಳು ಫೋನಿಗೆ ಬರುತ್ತಿದ್ದವು. ಸ್ಮಾರ್ಟ್‌ಫೋನೂ ಬೇಕಿರಲಿಲ್ಲ.

ಎರಡನೆಯದು ಆರೋಗ್ಯ ಸಿಬ್ಬಂದಿಯ ಕೈಯಲ್ಲಿರುವುದು. ರೋಗಿ ಎದುರಿಗೆ ಕೂತಾಗ ಏನು ಕೇಳಬೇಕು, ಅವರು ಹೀಗಂದರೆ ಮುಂದೆ ಏನು ಹೇಳಬೇಕು, ಯಾವ ಔಷಧಿ ಕೊಡಬಹುದು, ಮತ್ತೆ ಯಾವತ್ತು ಫೋನ್ ಮಾಡಬೇಕು ಎಂಬುದನ್ನು ಅದು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತದೆ. ಇಲ್ಲಿ ಚಟ ಬಿಡಿಸುವ ಕೆಲಸ ಆಪ್‌ನದಲ್ಲ. ಮಾತಾಡುವ ಮನುಷ್ಯರಿಗೆ ಅದು ಪಕ್ಕದಲ್ಲಿ ನಿಂತು ನೆನಪಿಸುವ ಜೊತೆಗಾರ, ಅಷ್ಟೇ.

ಈ ವ್ಯತ್ಯಾಸ ಯಾಕೆ ಮುಖ್ಯ? ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2019ರಲ್ಲಿ ಫೋನ್ ಮೂಲಕ ಚಟ ಬಿಡಿಸುವ ಪ್ರಯತ್ನಗಳನ್ನೆಲ್ಲ ಪರಿಶೀಲಿಸಿತು. ಮೆಸೇಜ್ ಪಡೆದವರಲ್ಲಿ ಬಿಟ್ಟವರ ಪ್ರಮಾಣ, ಪಡೆಯದವರಿಗಿಂತ ಸುಮಾರು ಒಂದೂವರೆ ಪಟ್ಟು ಇತ್ತು. ಸೇದುವವರು ತಾವೇ ಬಳಸುವ ಆಪ್‌ಗಳಿಂದ ಅಂಥ ಲಾಭ ಆಗುತ್ತದೆ ಎನ್ನಲು ಮಾತ್ರ ಸಾಕಷ್ಟು ಪುರಾವೆ ಸಿಗಲಿಲ್ಲ. ಮೆಸೇಜ್ ತಾನಾಗಿ ಬಂದು ಬಾಗಿಲು ತಟ್ಟುತ್ತದೆ. ಆಪ್ ಅನ್ನು ನಾವೇ ತೆರೆಯಬೇಕು. ಸೇದಬೇಕು ಅನ್ನಿಸಿದ ಹೊತ್ತಿನಲ್ಲಿ ಯಾರು ಆಪ್ ತೆರೆಯುತ್ತಾರೆ?

ಜಪಾನಿನ ಕಥೆ ಬೇರೆ. ಅಲ್ಲಿ 2020ರಲ್ಲಿ ಡಾಕ್ಟರು ಚೀಟಿ ಬರೆದು ಕೊಡುವ ಆಪ್ ಒಂದಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟಿತು. ರೋಗಿಯ ಫೋನಿನಲ್ಲಿ ಒಂದು ಭಾಗ, ಡಾಕ್ಟರ ಮುಂದೆ ಇನ್ನೊಂದು ಭಾಗ, ಉಸಿರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಎಂದು ಅಳೆಯುವ ಪುಟ್ಟ ಉಪಕರಣ, ಹೀಗೆ ಮೂರೂ ಒಟ್ಟಿಗೆ. ಅದರ ಪರೀಕ್ಷೆಯಲ್ಲಿ ಆಪ್ ಇದ್ದವರಲ್ಲಿ ಸುಮಾರು ಶೇ 64 ಜನ ಆರನೇ ತಿಂಗಳವರೆಗೂ ಮತ್ತೆ ಸೇದಲಿಲ್ಲ. ಇಲ್ಲದವರಲ್ಲಿ ಸುಮಾರು ಶೇ 50. ಆದರೆ ಒಂದು ಮಾತು ಗಮನಿಸಬೇಕು. ಎರಡೂ ಗುಂಪಿಗೆ ಔಷಧಿ ಇತ್ತು, ಡಾಕ್ಟರ ಭೇಟಿ ಇತ್ತು. ಆಪ್ ಅದರ ಮೇಲೆ ಸೇರಿಸಿದ ಸಹಾಯ. ತಳದಲ್ಲಿ ಔಷಧಿ, ಡಾಕ್ಟರು ಇಲ್ಲದೆ ಬರೀ ಆಪ್ ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಆ ಪರೀಕ್ಷೆ ಹೇಳುವುದಿಲ್ಲ.

‘ಬಿಟ್ಟುಬಿಡಿ’ ಅಂದರೆ ಯಾಕೆ ಸಾಲದು

ಬೀಡಿ ಕೆಟ್ಟದ್ದು ಅಂತ ಸೇದುವವರಿಗೆ ಗೊತ್ತಿಲ್ಲವೆ? ಚೆನ್ನಾಗಿ ಗೊತ್ತು. ಪ್ಯಾಕಿನ ಶೇ 85 ಭಾಗ ಎಚ್ಚರಿಕೆಯ ಚಿತ್ರ, ಬರಹವೇ ಇರುತ್ತದೆ. 2016-17ರಲ್ಲಿ ನಡೆದ ರಾಷ್ಟ್ರಮಟ್ಟದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ, ಸೇದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿಡುವ ಯೋಚನೆಯಲ್ಲಿದ್ದರು. ಶೇ 38.5 ಜನ ಹಿಂದಿನ ಒಂದೇ ವರ್ಷದಲ್ಲಿ ಬಿಡಲು ಪ್ರಯತ್ನವನ್ನೂ ಮಾಡಿದ್ದರು. ಪ್ರಯತ್ನ ಮಾಡಿದವರಲ್ಲಿ ಹತ್ತಕ್ಕೆ ಏಳು ಜನ ಯಾರ ಸಹಾಯವೂ ಇಲ್ಲದೆ, ಮನಸ್ಸು ಗಟ್ಟಿ ಮಾಡಿಕೊಂಡು ಹೊರಟವರು.

ಮನಸ್ಸೊಂದೇ ಗಟ್ಟಿ ಇದ್ದರೆ ಸಾಲದು. ತಂಬಾಕಿನಲ್ಲಿ ಚಟ ಹಿಡಿಸುವ ವಸ್ತು ನಿಕೋಟಿನ್. ಹೊಗೆಯ ಜೊತೆ ಒಳಗೆ ಹೋದ ಅದು ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಇಳಿದಾಗ ಚಡಪಡಿಕೆ, ಸಿಟ್ಟು, ತಲೆನೋವು ಶುರುವಾಗುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ. ಇನ್ನೊಂದು ಸೇದಿದರೆ ಎಲ್ಲ ತಣ್ಣಗಾಗುತ್ತದೆ. ‘ಟೆನ್ಷನ್‌ಗೆ ಸೇದ್ತೀನಿ’ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಟೆನ್ಷನ್‌ನಲ್ಲಿ ದೊಡ್ಡ ಪಾಲು ಹಿಂದಿನ ಬೀಡಿ ಬಿಟ್ಟುಹೋದದ್ದು. ಬಿಟ್ಟ ಮೊದಲ ಎರಡು ಮೂರು ದಿನ ಈ ಸಂಕಟ ಜೋರು. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಬಿಟ್ಟವರಲ್ಲಿ ಹೆಚ್ಚಿನವರು ಮತ್ತೆ ಸೇದುವುದು ಮೊದಲ ವಾರದಲ್ಲೇ. ನೆರವು ಬೇಕಿರುವುದೂ ಅದೇ ವಾರದಲ್ಲಿ.

ಹೀಗೆ ಒಬ್ಬರೇ ಬಿಡಲು ಹೊರಟ ನೂರು ಜನರಲ್ಲಿ ವರ್ಷ ಕಳೆದ ಮೇಲೂ ಬಿಟ್ಟೇ ಇರುವವರು ಎರಡೋ ಮೂರೋ. ಡಾಕ್ಟರು ಎರಡು ಮೂರು ನಿಮಿಷ ಸರಿಯಾಗಿ ಮಾತಾಡಿದರೆ ಆ ಲೆಕ್ಕಕ್ಕೆ ಇನ್ನೂ ಒಂದರಿಂದ ಮೂರು ಜನ ಸೇರುತ್ತಾರೆ. ಇಷ್ಟೇನಾ ಅನ್ನಿಸಬಹುದು. ಆದರೆ ಒಂದು ಪಿಎಚ್‌ಸಿಗೆ ವರ್ಷವಿಡೀ ಬರುವ ಎಲ್ಲ ಸೇದುವವರನ್ನೂ ಲೆಕ್ಕ ಹಾಕಿ ನೋಡಿ. ಅದನ್ನು ಜಿಲ್ಲೆಯ ಎಲ್ಲ ಪಿಎಚ್‌ಸಿಗಳಿಂದ ಗುಣಿಸಿ. ಎರಡು ನಿಮಿಷದ ಮಾತಿಗೆ ಇಷ್ಟು ಜೀವ ಉಳಿಸುವ ಶಕ್ತಿ ಇರುವ ಚಿಕಿತ್ಸೆ ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ.

ಆ ಮಾತೇ ಆಗುತ್ತಿಲ್ಲ ಎಂಬುದು ದುಃಖದ ಸಂಗತಿ. ಅದೇ ಸಮೀಕ್ಷೆಯಲ್ಲಿ, ಆಸ್ಪತ್ರೆಗೆ ಹೋಗಿಬಂದಿದ್ದ ಸೇದುವವರಲ್ಲಿ ಶೇ 48.8 ಜನರಿಗೆ ಮಾತ್ರ ಬಿಡಿ ಎಂಬ ಸಲಹೆ ಸಿಕ್ಕಿತ್ತು. ಹೊಗೆಸೊಪ್ಪು, ಗುಟ್ಕಾ ಅಗಿಯುವವರಲ್ಲಿ ಬರೀ ಶೇ 31.7. ಉಳಿದವರು ಜ್ವರಕ್ಕೋ ಶುಗರ್‌ಗೋ ಮಾತ್ರೆ ತಗೊಂಡು ಮನೆಗೆ ಬಂದರು. ತಂಬಾಕಿನ ಮಾತನ್ನು ಯಾರೂ ಎತ್ತಲಿಲ್ಲ.

ಡಾಕ್ಟರಿಗೆ ಮನಸ್ಸಿಲ್ಲದೆ ಹೀಗಾಗುತ್ತಿದೆ ಎನ್ನುವುದು ಅನ್ಯಾಯ. ಹೊರಗೆ ಸಾಲು ಇರುತ್ತದೆ. ಕೇಳಿದ ಮೇಲೆ ಮುಂದೆ ಏನು ಮಾಡಬೇಕು ಎಂಬ ತರಬೇತಿ ಎಲ್ಲರಿಗೂ ಸಿಕ್ಕಿರುವುದಿಲ್ಲ. ‘ಹೇಳಿದರೂ ಕೇಳಲ್ಲ’ ಎಂಬ ಅನುಭವ ಬೇರೆ. ಮುಂದಿನ ಹೆಜ್ಜೆ ಗೊತ್ತಿಲ್ಲದಿದ್ದರೆ ಮೊದಲ ಪ್ರಶ್ನೆ ಕೇಳಲು ಯಾರಿಗೂ ಹಿಂಜರಿಕೆಯೇ ಅಲ್ವಾ?

ಆ ಮೂರು ನಿಮಿಷದಲ್ಲಿ ನಡೆಯುವುದೇನು

ಇಂಥ ಆಪ್‌ಗಳ ಬೆನ್ನೆಲುಬು ಜಗತ್ತಿನೆಲ್ಲೆಡೆ ಬಳಸುವ ಐದು ಹೆಜ್ಜೆಯ ಕ್ರಮ. ಕನ್ನಡದಲ್ಲಿ ಹೇಳುವುದಾದರೆ ಕೇಳು, ತಿಳಿಹೇಳು, ಮನಸ್ಸು ಅಳೆ, ನೆರವಾಗು, ಮತ್ತೆ ವಿಚಾರಿಸು.

ಬಂದವರೆಲ್ಲರನ್ನೂ ಕೇಳುವುದು ಮೊದಲ ಹೆಜ್ಜೆ. ಮುಖ ನೋಡಿ ಇವರು ಸೇದಲ್ಲ ಅಂದುಕೊಳ್ಳುವಂತಿಲ್ಲ. ತಿಳಿಹೇಳುವುದು ಅವರದೇ ಕಾಯಿಲೆಗೆ ಹೊಂದುವಂತಿರಬೇಕು. ಶುಗರ್ ಇರುವವರಿಗೆ ‘ಕ್ಯಾನ್ಸರ್ ಬರುತ್ತೆ’ ಅಂದರೆ ಅದು ದೂರದ ಮಾತು. ‘ಬೀಡಿ ಸೇದಿದರೆ ಶುಗರ್ ಹಿಡಿತಕ್ಕೆ ಬರಲ್ಲ ಅಣ್ಣ, ಕಾಲಿನ ಗಾಯ ಬೇಗ ಮಾಯಲ್ಲ’ ಅಂದರೆ ಅದು ಇವತ್ತಿನ ಮಾತು. ಟಿಬಿ ರೋಗಿಗೆ ಇನ್ನೊಂದು ಬಗೆ. ಸೇದುವವರಿಗೆ ಟಿಬಿ ಬರುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. ಯಾರಿಗೆ ಯಾವ ಮಾತು ಎಂಬುದನ್ನು ಆಪ್ ಎತ್ತಿಕೊಡುತ್ತದೆ.

ಅಳೆಯುವುದರಲ್ಲಿ ಎರಡು ಭಾಗ. ಬಿಡುವ ಮನಸ್ಸಿದೆಯೇ ಎಂಬುದು ಒಂದು. ಚಟ ಎಷ್ಟು ಬೇರೂರಿದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಫ್ಯಾಗರ್‌ಸ್ಟ್ರೋಮ್ ಪರೀಕ್ಷೆ ಎಂಬ ಆರು ಪ್ರಶ್ನೆಗಳ ಅಳತೆ ಇದೆ. ಅದರಲ್ಲಿ ತುಂಬಾ ತೂಕದ ಪ್ರಶ್ನೆ ಇದು: ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು ಹಚ್ಚುತ್ತೀರಿ? ಐದು ನಿಮಿಷದೊಳಗೆ ಅಂದರೆ ದೇಹ ರಾತ್ರಿಯಿಡೀ ನಿಕೋಟಿನ್‌ಗೆ ಕಾದಿತ್ತು ಎಂದರ್ಥ. ಇಂಥವರಿಗೆ ಬರೀ ಮಾತು ಸಾಲದು, ಔಷಧಿ ಬೇಕು.

ನೆರವು ಅಂದರೆ ಬಿಡುವ ದಿನವನ್ನು ಗೊತ್ತು ಮಾಡುವುದು, ಟೀ ಕುಡಿದಾಗ ಸೇದಬೇಕು ಅನ್ನಿಸಿದರೆ ಏನು ಮಾಡಬೇಕು ಎಂದು ಮೊದಲೇ ಯೋಚಿಸಿಡುವುದು, ನಿಕೋಟಿನ್ ಗಮ್ ಅಥವಾ ಮಾತ್ರೆ ಕೊಡುವುದು. ಕೊನೆಯ ಹೆಜ್ಜೆ ಮತ್ತೆ ವಿಚಾರಿಸುವುದು. ಬಿಟ್ಟ ಎರಡನೇ, ಮೂರನೇ ದಿನ ಒಂದು ಫೋನ್. ವಾರದ ಕೊನೆಗೆ ಇನ್ನೊಂದು. ತಿಂಗಳಿಗೆ ಮತ್ತೊಂದು.

ನನ್ನ ಅಭಿಪ್ರಾಯದಲ್ಲಿ ಆಪ್‌ನ ನಿಜವಾದ ಬೆಲೆ ಇರುವುದು ಈ ಕೊನೆಯ ಹೆಜ್ಜೆಯಲ್ಲಿ. ಮೊದಲ ನಾಲ್ಕನ್ನು ಒಳ್ಳೆಯ ತರಬೇತಿ ಕೊಟ್ಟರೆ ನರ್ಸ್ ಆಪ್ ಇಲ್ಲದೆಯೂ ಮಾಡಬಲ್ಲರು. ಆದರೆ ನೂರಾರು ಜನರಲ್ಲಿ ಇವತ್ತು ಯಾರಿಗೆ ಮೂರನೇ ದಿನ, ಯಾರಿಗೆ ಏಳನೇ ದಿನ ಅಂತ ತಲೆಯಲ್ಲಿ ಇಟ್ಟುಕೊಳ್ಳಲು ಯಾವ ಮನುಷ್ಯರಿಗೂ ಆಗುವುದಿಲ್ಲ. ಬೆಳಿಗ್ಗೆ ಫೋನ್ ತೆರೆದ ತಕ್ಷಣ ‘ಇವತ್ತು ಈ ನಾಲ್ಕು ಜನಕ್ಕೆ ಫೋನ್ ಮಾಡಿ’ ಅಂತ ಪಟ್ಟಿ ಕಂಡರೆ ಕೆಲಸ ಸುಲಭ.

ಕೋಲಾರದ ಬೀಡಿ, ಕೋಲಾರದ ಮಾತು

ಬೇರೆ ಕಡೆ ತಯಾರಾದ ಆಪ್ ಅನ್ನು ಹಾಗೇ ತಂದು ಇಲ್ಲಿ ಕೊಟ್ಟರೆ ಮೊದಲ ಪ್ರಶ್ನೆಯಲ್ಲೇ ತೊಡಕು. ‘ದಿನಕ್ಕೆ ಎಷ್ಟು ಸಿಗರೇಟು?’ ಅಂತ ಅದು ಕೇಳುತ್ತದೆ. ಇಲ್ಲಿ ಬಹಳಷ್ಟು ಜನ ಸೇದುವುದು ಬೀಡಿ. ಬೀಡಿಯಲ್ಲಿ ತಂಬಾಕು ಸಿಗರೇಟಿಗಿಂತ ಕಡಿಮೆ. ಹಾಗಾಗಿ ಅಪಾಯವೂ ಕಡಿಮೆ ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಅದು ತಪ್ಪು. ಬೀಡಿ ಎಲೆಯೊಳಗೆ ಗಾಳಿ ಸರಿಯಾಗಿ ಆಡುವುದಿಲ್ಲ. ಎಳೆಯದೆ ಬಿಟ್ಟರೆ ಆರಿಹೋಗುತ್ತದೆ. ಅದಕ್ಕೇ ಸೇದುವವರು ಪದೇ ಪದೇ, ಆಳವಾಗಿ ಎಳೆಯುತ್ತಾರೆ. ಫಿಲ್ಟರೂ ಇಲ್ಲ. ಟಾರು, ಕಾರ್ಬನ್ ಮೊನಾಕ್ಸೈಡ್ ಎರಡೂ ಸಿಗರೇಟಿಗಿಂತ ಜಾಸ್ತಿ ಒಳಗೆ ಹೋಗುತ್ತವೆ. ಬೀಡಿಯ ಲೆಕ್ಕ ಗೊತ್ತಿಲ್ಲದ ಆಪ್ ಚಟವನ್ನು ತಪ್ಪಾಗಿ ಅಳೆಯುತ್ತದೆ. ಅಳತೆ ತಪ್ಪಿದರೆ ಔಷಧಿಯ ಪ್ರಮಾಣವೂ ತಪ್ಪುತ್ತದೆ.

ಅದಕ್ಕಿಂತ ದೊಡ್ಡ ಮಾತು ಬಾಯಿಯ ತಂಬಾಕು. 2016-17ರ ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಜನ ಯಾವುದೋ ಒಂದು ಬಗೆಯ ತಂಬಾಕು ಬಳಸುತ್ತಿದ್ದರು. 2009-10ರಲ್ಲಿ ಇದ್ದ ಶೇ 28.2ಕ್ಕೆ ಹೋಲಿಸಿದರೆ ಇಳಿದಿತ್ತು, ಸಂತೋಷ. ಆದರೆ ವಯಸ್ಕರಲ್ಲಿ ಸೇದುವವರು ಶೇ 8.8, ಅಗಿಯುವವರು ಮತ್ತು ಬಾಯಲ್ಲಿ ಇಟ್ಟುಕೊಳ್ಳುವವರು ಶೇ 16.3 (ಎರಡೂ ಅಭ್ಯಾಸ ಇರುವವರು ಎರಡು ಕಡೆಯೂ ಸೇರಿದ್ದಾರೆ). ಸುಮಾರು ಎರಡು ಪಟ್ಟು! ಎಲೆಅಡಿಕೆ ಜೊತೆ ಕಡ್ಡಿಪುಡಿ ಹಾಕುವ ಅಜ್ಜಿಯನ್ನು ‘ಧೂಮಪಾನ ಮಾಡ್ತೀರಾ?’ ಅಂತ ಕೇಳಿದರೆ ಅವರು ಇಲ್ಲ ಅಂತಲೇ ಹೇಳುತ್ತಾರೆ. ಅದು ಸುಳ್ಳೂ ಅಲ್ಲ. ನಶ್ಯವನ್ನು ಹಲ್ಲಿಗೆ ಉಜ್ಜುವವರು, ಕೆಲಸದ ನಡುವೆ ಪೌಡರ್ ತಂಬಾಕನ್ನು ತುಟಿಯಡಿ ಇಟ್ಟುಕೊಳ್ಳುವವರು, ಎಲ್ಲರೂ ಆಪ್‌ನ ಕಣ್ಣು ತಪ್ಪಿಸಿಕೊಂಡು ಹೋಗುತ್ತಾರೆ. ಸಿಗರೇಟಿನ ಆಪ್ ಆಗಿ ಬಂದರೆ ಇಲ್ಲಿನ ಬಾಯಿ ಕ್ಯಾನ್ಸರಿನ ಮೂಲವನ್ನೇ ಅದು ನೋಡುವುದಿಲ್ಲ. ಈ ಒಂದು ಕಾರಣಕ್ಕೆ, ಆಪ್ ತರುವವರು ಮೊದಲು ಇಲ್ಲಿನ ಪೆಟ್ಟಿಗೆ ಅಂಗಡಿಯ ಮುಂದೆ ಒಂದು ದಿನ ನಿಂತು ಏನೇನು ಮಾರಾಟ ಆಗುತ್ತದೆ ನೋಡಬೇಕು ಎನ್ನಿಸುತ್ತದೆ.

ಇನ್ನು ಭಾಷೆ. ಆಪ್ ಕನ್ನಡದಲ್ಲಿ ಇರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕೋಲಾರದಲ್ಲಿ ಕನ್ನಡದ ಆಪ್ ಹಿಡಿದ ನರ್ಸ್ ಮಾತಾಡುವುದು ಹಲವು ಸಲ ತೆಲುಗಿನಲ್ಲಿ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ‘ಬೀಡಿ ತಾಗುತಾರಾ ಅನ್ನಾ?’ ಅಂದರೆ ಮಾತು ಮುಂದೆ ಹೋಗುತ್ತದೆ. ಕೆಜಿಎಫ್‌ನಲ್ಲಿ ತಮಿಳು ಬೇಕು. ಹಲವು ಮನೆಗಳಲ್ಲಿ ಉರ್ದು. ಪರದೆಯ ಮೇಲಿರುವ ವಾಕ್ಯವನ್ನು ಓದಿ ಹೇಳುವ ಆಪ್ ಇಲ್ಲಿ ನಡೆಯುವುದಿಲ್ಲ. ಓದಿ, ಅರ್ಥ ಮಾಡಿಕೊಂಡು, ತನ್ನ ಮಾತಿನಲ್ಲಿ ಹೇಳಲು ಬಿಡುವ ಆಪ್ ನಡೆಯುತ್ತದೆ. ಗ್ರಾಂಥಿಕ ಕನ್ನಡದಲ್ಲಿ ‘ತಾವು ಧೂಮಪಾನ ತ್ಯಜಿಸಲು ಇಚ್ಛಿಸುವಿರಾ’ ಅಂತ ಬರೆದರೆ ಅದನ್ನು ಬಾಯಿಬಿಟ್ಟು ಹೇಳಲು ನರ್ಸಿಗೇ ಮುಜುಗರ. ಭಾಷೆಯ ಈ ಕೆಲಸವನ್ನು ಸಾಫ್ಟ್‌ವೇರ್ ಮಾಡುವವರಿಗೆ ಬಿಡದೆ ಜಿಲ್ಲೆಯ ನರ್ಸುಗಳನ್ನೇ ಕೂರಿಸಿಕೊಂಡು ಮಾಡಬೇಕು.

ಕೆಜಿಎಫ್‌ಗೆ ಇನ್ನೊಂದು ಕಾರಣವೂ ಇದೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆದರೆ ಗಣಿಯೊಳಗೆ ಕಲ್ಲಿನ ದೂಳು ಕುಡಿದ ಶ್ವಾಸಕೋಶಗಳು ಗಣಿ ಮುಚ್ಚಿದ ಮೇಲೂ ವಾಸಿಯಾಗಲಿಲ್ಲ. ಆ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್. ಅದು ಇರುವವರಿಗೆ ಟಿಬಿ ಬರುವ ಅಪಾಯ ಮೊದಲೇ ಹೆಚ್ಚು. ಅದರ ಮೇಲೆ ಬೀಡಿಯೂ ಸೇರಿದರೆ ಹೇಳಬೇಕಿಲ್ಲ. ಹಳೆಯ ಗಣಿ ಕಾರ್ಮಿಕರಿಗೆ ಕೇಳಬೇಕಾದ ಪ್ರಶ್ನೆ ಬೇರೆ, ಹೇಳಬೇಕಾದ ಮಾತೂ ಬೇರೆ. ಟೊಮೆಟೊ ಮಾರುಕಟ್ಟೆಯಲ್ಲಿ ನಸುಕಿಗೆ ಲೋಡು ಎತ್ತುವ ಹಮಾಲಿಗಳಿಗೆ, ನರಸಾಪುರದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವ ಹುಡುಗರಿಗೆ ಮತ್ತೊಂದು ಬಗೆ. ನಿದ್ದೆ ತಡೆಯಲು ಸೇದುವವರಿಗೆ ನಿದ್ದೆಯ ಮಾತನ್ನೇ ಮೊದಲು ಆಡಬೇಕಾಗುತ್ತದೆ.

ಗಡಿಯ ಮಾತನ್ನೂ ಮರೆಯುವಂತಿಲ್ಲ. ಕರ್ನಾಟಕದಲ್ಲಿ ಕೊಳ್ಳುವ ವಯಸ್ಸು 21. ಗಡಿ ದಾಟಿ ಆಂಧ್ರಕ್ಕೆ ಹೋದರೆ ಕೇಂದ್ರದ ಕಾಯ್ದೆಯ 18. ಬೈಕಿನಲ್ಲಿ ಸ್ವಲ್ಪ ದೂರ ಹೋದರೆ ಕಾನೂನೇ ಬದಲು. ಹೀಗಾಗಿ ಗಡಿ ಹಳ್ಳಿಗಳಲ್ಲಿ ಅಂಗಡಿಯವರನ್ನು ತಡೆದರೆ ಮಾತ್ರ ಸಾಲದು, ಹುಡುಗರ ಜೊತೆ ಮಾತು ನಡೆಯಲೇಬೇಕು.

ಒಪ್ಪುವವರು, ಒಪ್ಪದವರು

ಬೇಕು ಅನ್ನುವವರ ವಾದಕ್ಕೆ ಬಲ ಇದೆ. ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈನಲ್ಲಿ ವಯಸ್ಕರ ತಂಬಾಕು ಚಟ ಬಿಡಿಸುವ ಚಿಕಿತ್ಸೆಗೆ ಮೊದಲ ಬಾರಿ ಮಾರ್ಗಸೂಚಿ ಹೊರಡಿಸಿತು. ಆರೋಗ್ಯ ಸಿಬ್ಬಂದಿ ಅರ್ಧ ನಿಮಿಷದಿಂದ ಮೂರು ನಿಮಿಷದ ಚುಟುಕು ಸಲಹೆಯನ್ನು ಪ್ರತಿ ಭೇಟಿಯಲ್ಲೂ ಕೊಡಬೇಕು, ಮಾತು ಮತ್ತು ಔಷಧಿ ಜೊತೆಯಾಗಿ ಹೋಗಬೇಕು ಎಂದು ಅದು ಹೇಳುತ್ತದೆ. ಫೋನ್ ಆಧರಿಸಿದ ಸಾಧನಗಳನ್ನು ಇದರ ಜೊತೆಗೆ ಬಳಸಬಹುದು ಎಂದೂ ಹೇಳುತ್ತದೆ. ಕೋಲಾರಕ್ಕೆ ಇನ್ನೊಂದು ಅನುಕೂಲ ಇದೆ. ಮನೆಮನೆಗೆ ಹೋಗಿ ಬಿಪಿ, ಶುಗರ್, ಕ್ಯಾನ್ಸರ್ ತಪಾಸಣೆ ಮಾಡುವ ರಾಜ್ಯದ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಮೊದಲು ಶುರುವಾದದ್ದು ಇದೇ ಜಿಲ್ಲೆಯಲ್ಲಿ. ಬಿಪಿ ನೋಡಲು ಮನೆಗೆ ಬಂದವರೇ ಬೀಡಿಯ ಮಾತನ್ನೂ ಎತ್ತಬಹುದು. ಹೊಸ ವ್ಯವಸ್ಥೆ ಕಟ್ಟಬೇಕಿಲ್ಲ.

ಬೇಡ ಅನ್ನುವವರಲ್ಲಿ ಎರಡು ಬಗೆ. ಒಂದು ಬಗೆಯವರು ಹೇಳುವುದು, ದುಡ್ಡನ್ನೂ ಗಮನವನ್ನೂ ತೆರಿಗೆ, ಕಾನೂನಿನ ಕಡೆ ಹಾಕಿ ಅಂತ. ಬೆಲೆ ಏರಿಸಿದಷ್ಟು ಪರಿಣಾಮ ಬೇರೆ ಯಾವುದಕ್ಕೂ ಇಲ್ಲ ಎಂಬುದು ಜಗತ್ತಿನ ಅನುಭವ. ಈ ಮಾತು ನಿಜ. ಆದರೆ ಬೀಡಿಯ ವಿಷಯದಲ್ಲಿ ಏನಾಯಿತು ನೋಡಿ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನ ಮಾಡಿತು. ಬೀಡಿ ಕಟ್ಟುವ ಬಡ ಹೆಣ್ಣುಮಕ್ಕಳ ಜೀವನ ಅದಕ್ಕೆ ಕೊಟ್ಟ ಕಾರಣ. ಅವರ ಕಷ್ಟ ಸುಳ್ಳಲ್ಲ. ಆದರೆ ಸಿಗರೇಟು ದುಬಾರಿಯಾಗಿ ಬೀಡಿ ಅಗ್ಗವಾಗೇ ಉಳಿದರೆ ಹಳ್ಳಿಯ ಬಡವರು ಬಿಡುವುದಿಲ್ಲ, ಬೀಡಿಗೆ ಬದಲಾಗುತ್ತಾರೆ. ತೆರಿಗೆಯ ಅಸ್ತ್ರ ಬೀಡಿಯ ಮುಂದೆ ಮೊಂಡಾಗಿರುವಾಗ, ಸೇದುವವರ ಜೊತೆ ಕೂತು ಮಾತಾಡುವ ಕೆಲಸಕ್ಕೆ ಇನ್ನೂ ಬೆಲೆ ಬರುತ್ತದೆ. ತೆರಿಗೆ ಬೇಕಾ, ಮಾತು ಬೇಕಾ ಎಂಬ ಜಗಳವೇ ಬೇಕಿಲ್ಲ. ಬೆಲೆ ಏರಿದಾಗ ಬಿಡಬೇಕು ಅನ್ನಿಸುತ್ತದೆ, ಮಾತು ಇದ್ದಾಗ ಬಿಡಲು ಆಗುತ್ತದೆ.

ಎರಡನೆಯ ಬಗೆಯ ಆಕ್ಷೇಪ ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ. ಅದು ಕೆಲಸ ಮಾಡಬೇಕಾದವರದೇ ಆಕ್ಷೇಪ. ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲೂ ರಾತ್ರಿ ಧರಣಿ ಕೂತರು. ಅವರು ಕೇಳಿದ್ದು ಗೌರವಧನ ಹೆಚ್ಚಿಸಿ ಎಂಬುದಷ್ಟೇ ಅಲ್ಲ. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಸರಿಯಾಗಿ ಕಾಣದೆ ಪ್ರೋತ್ಸಾಹಧನ ತಪ್ಪಿಹೋಗುತ್ತಿದೆ ಎಂಬ ನೋವೂ ಅದರಲ್ಲಿತ್ತು. ಇವರ ಕೈಯಲ್ಲಿ ಈಗಾಗಲೇ ಗರ್ಭಿಣಿಯರ ಲೆಕ್ಕ, ಲಸಿಕೆ ಲೆಕ್ಕ, ತಪಾಸಣೆಯ ಲೆಕ್ಕ ಇದೆ. ಅದರ ಮೇಲೆ ಇನ್ನೊಂದು ಆಪ್, ಇನ್ನೊಂದು ಪಾಸ್‌ವರ್ಡ್ ಅಂದರೆ ಏನಾಗುತ್ತದೆ? ರೋಗಿಯ ಮುಖ ನೋಡಬೇಕಾದ ಮೂರು ನಿಮಿಷ ಫೋನಿನ ಪರದೆ ನೋಡುವುದರಲ್ಲಿ ಕಳೆಯುತ್ತದೆ. ‘ಸಲಹೆ ಕೊಟ್ಟಿದ್ದೇನೆ’ ಎಂಬ ಚೌಕಕ್ಕೆ ಟಿಕ್ ಬೀಳುತ್ತದೆ, ಸಲಹೆ ಮಾತ್ರ ಆಗಿರುವುದಿಲ್ಲ. ತಿಂಗಳ ಕೊನೆಗೆ ವರದಿಯಲ್ಲಿ ಸಂಖ್ಯೆ ಚೆನ್ನಾಗಿ ಕಾಣುತ್ತದೆ.

ಇದನ್ನು ತಪ್ಪಿಸುವ ದಾರಿ ಕಷ್ಟವೇನಲ್ಲ. ಸಿಬ್ಬಂದಿಯ ತಪಾಸಣಾ ಪಟ್ಟಿಯಲ್ಲಿ ತಂಬಾಕಿನ ಪ್ರಶ್ನೆ ಈಗಲೇ ಇದೆ. ಬೀಡಿ, ಗುಟ್ಕಾ ಬಳಸುತ್ತೀರಾ ಅಂತ ಕೇಳಿ ಅಂಕ ಹಾಕುತ್ತಾರೆ. ಆ ಉತ್ತರ ‘ಹೌದು’ ಆದಾಗ ಮುಂದಿನ ಹೆಜ್ಜೆಗಳು ಅಲ್ಲೇ ತೆರೆದುಕೊಳ್ಳುವಂತೆ ಮಾಡಿದರೆ ಹೊಸ ಆಪ್ ಬೇಕಾಗುವುದೇ ಇಲ್ಲ. ನೆಟ್‌ವರ್ಕ್ ಸಿಗದ ಊರಿನಲ್ಲೂ ಅದು ನಡೆಯಬೇಕು. ಫೋನ್ ಕಾಲ್‌ಗೆ ತಗಲುವ ಸಮಯವನ್ನು ಕೆಲಸ ಅಂತ ಎಣಿಸಬೇಕು, ಅದಕ್ಕೆ ದುಡ್ಡು ಕೊಡಬೇಕು. ಒಬ್ಬ ಮನುಷ್ಯನ ಮೊದಲ ವಾರವನ್ನು ಕಾದು ಕೂತವರ ಶ್ರಮ ಪುಕ್ಕಟೆಯಾಗಿ ಬರಬೇಕು ಎಂದು ಬಯಸುವುದು ಸರಿಯಲ್ಲ.

ಗಮ್ ಎಲ್ಲಿದೆ?

ಆಪ್ ಹೇಳುತ್ತದೆ: ‘ನಿಕೋಟಿನ್ ಗಮ್ ಕೊಡಿ’. ಪಿಎಚ್‌ಸಿಯ ಔಷಧಿ ಕಿಟಕಿಯಲ್ಲಿ ಗಮ್ ಇಲ್ಲ ಅಂದರೆ ಅಲ್ಲಿಗೆ ಮಾತು ನಿಂತಿತು. ಗಮ್‌ನಂಥ ನಿಕೋಟಿನ್ ಬದಲಿ ಚಿಕಿತ್ಸೆಯನ್ನು ಭಾರತದ ಅಗತ್ಯ ಔಷಧಿಗಳ ಪಟ್ಟಿಗೆ 2022ರಲ್ಲೇ ಸೇರಿಸಲಾಗಿದೆ. ಈ ಚಿಕಿತ್ಸೆ ಬಿಡುವ ಸಾಧ್ಯತೆಯನ್ನು ಅರ್ಧದಷ್ಟು ಹೆಚ್ಚಿಸುತ್ತದೆ. ಪಟ್ಟಿಯಲ್ಲಿರುವುದು ಕಿಟಕಿಗೆ ಬರುವಂತೆ ನೋಡಿಕೊಳ್ಳುವುದು ಆಡಳಿತದ ಕೆಲಸ. ಅದನ್ನು ಯಾವ ಆಪ್ ಮಾಡಲಾರದು. ದಿನಗೂಲಿಯವರು ಮೆಡಿಕಲ್ ಶಾಪಿಗೆ ಹೋಗಿ ಎರಡು ಮೂರು ತಿಂಗಳು ಗಮ್ ಕೊಳ್ಳುತ್ತಾರೆ ಎಂದು ನಂಬಿ ಯೋಜನೆ ಮಾಡುವಂತಿಲ್ಲ, ಬೀಡಿ ಕಟ್ಟು ಅದಕ್ಕಿಂತ ಎಷ್ಟೋ ಅಗ್ಗ.

ಗಮ್ ಬಳಸುವುದರಲ್ಲೂ ತಪ್ಪಾಗುತ್ತದೆ. ಅದನ್ನು ಬಬಲ್‌ಗಮ್‌ನಂತೆ ಒಂದೇ ಸಮ ಅಗಿದರೆ ಹೊಟ್ಟೆ ಕೆಡುತ್ತದೆ, ಬಿಕ್ಕಳಿಕೆ ಬರುತ್ತದೆ. ನಿಧಾನವಾಗಿ ಅಗಿದು, ಖಾರ ಅನ್ನಿಸಿದಾಗ ಕೆನ್ನೆಯ ಪಕ್ಕ ಇಟ್ಟು, ಖಾರ ಹೋದ ಮೇಲೆ ಮತ್ತೆ ಅಗಿಯಬೇಕು. ಟೀ, ಕಾಫಿ ಕುಡಿದು ಕಾಲು ಗಂಟೆಯಾದರೂ ಬಿಡಬೇಕು, ಇಲ್ಲದಿದ್ದರೆ ಬಾಯಿ ನಿಕೋಟಿನ್ ಹೀರುವುದಿಲ್ಲ. ಟೀ ಜೊತೆಯೇ ಬೀಡಿ ಹಚ್ಚುವ ಅಭ್ಯಾಸ ಇರುವ ಊರಿನಲ್ಲಿ ಈ ಒಂದು ಮಾತು ಹೇಳದೆ ಗಮ್ ಕೊಟ್ಟರೆ ‘ತಗೊಂಡೆ, ಕೆಲಸ ಮಾಡ್ಲಿಲ್ಲ’ ಎಂಬ ಉತ್ತರ ಖಾತ್ರಿ. ಇಂಥ ಸಣ್ಣ ಸಂಗತಿಗಳನ್ನು ನೆನಪಿಸುವುದರಲ್ಲಿ ಆಪ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಹೆಸರು ಬರೆದುಕೊಂಡರೆ ಯಾರು ನೋಡುತ್ತಾರೆ?

ಮೂರನೇ ದಿನ ಫೋನ್ ಮಾಡಬೇಕೆಂದರೆ ಹೆಸರು, ನಂಬರು, ಚಟದ ವಿವರ ಎಲ್ಲೋ ದಾಖಲಾಗಲೇಬೇಕು. ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುವ ಹುಡುಗನಿಗೆ ಈ ವಿವರ ಮಾಲೀಕರಿಗೆ ಹೋದರೆ ಎಂಬ ಭಯ. ಅಗಿಯುವ ಅಭ್ಯಾಸವನ್ನು ಮನೆಯವರಿಂದ ಮುಚ್ಚಿಟ್ಟ ಹೆಂಗಸಿಗೆ ಫೋನನ್ನು ಗಂಡ ಎತ್ತಿದರೆ ಎಂಬ ಭಯ. 21 ತುಂಬದ ಹುಡುಗ ನಿಜ ಹೇಳುವುದೇ ಕಷ್ಟ. ಭಯ ಇದ್ದಲ್ಲಿ ಉತ್ತರ ಸುಳ್ಳಾಗುತ್ತದೆ, ಉತ್ತರ ಸುಳ್ಳಾದರೆ ಮುಂದಿನ ಎಲ್ಲ ಹೆಜ್ಜೆಯೂ ವ್ಯರ್ಥ.

ವೈಯಕ್ತಿಕ ಮಾಹಿತಿ ರಕ್ಷಣೆಗೆ ಕೇಂದ್ರದ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆ ಕೇಳಿಯೇ ಮಾಹಿತಿ ಪಡೆಯಬೇಕು, ಹೇಳಿದ ಉದ್ದೇಶಕ್ಕೆ ಮಾತ್ರ ಬಳಸಬೇಕು ಎಂಬುದು ಅದರ ತಿರುಳು. ಪಿಎಚ್‌ಸಿಯಲ್ಲಿ ಇದು ಸರಳವಾಗಿ ನಡೆಯಬೇಕು. ‘ನಿಮ್ಮ ನಂಬರ್ ಬರ್ಕೊಳ್ಳಲಾ? ಶುಕ್ರವಾರ ಫೋನ್ ಮಾಡ್ತೀನಿ, ಬೇರೆ ಯಾರಿಗೂ ಹೇಳಲ್ಲ’ ಎಂದು ಕೇಳಿ ಬರೆದುಕೊಳ್ಳಬೇಕು. ಬೇಡ ಅಂದವರಿಗೆ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಬರೆದುಕೊಟ್ಟರೂ ಸಾಕು. 2018ರಿಂದ ನಿಮ್ಹಾನ್ಸ್ ಕೂಡ ಈ ಸಹಾಯವಾಣಿಯ ಒಂದು ಕೇಂದ್ರ, ದಕ್ಷಿಣದ ಭಾಷೆಗಳಲ್ಲಿ ಅಲ್ಲಿ ಮಾತಾಡಬಹುದು. ತಂಬಾಕಿನ ಪ್ಯಾಕಿನ ಮೇಲೆಯೇ ಈ ನಂಬರ್ ಇರುತ್ತದೆ, ಆದರೆ ಸೇದುವಾಗ ಅದನ್ನು ಓದುವವರು ಕಡಿಮೆ.

ಮುಂದೆ ಏನಾಗಬಹುದು

ಎರಡು ದಾರಿಗಳು ಕಾಣುತ್ತವೆ. ಆಪ್ ಅನ್ನು ವರದಿ ತುಂಬುವ ಸಾಧನವಾಗಿ ಮಾತ್ರ ತಂದರೆ, ಮೊದಲ ಮೂರು ತಿಂಗಳು ಉತ್ಸಾಹ ಇರುತ್ತದೆ, ಆಮೇಲೆ ಟಿಕ್ ಮಾತ್ರ ಉಳಿಯುತ್ತದೆ. ಬಿಡಲು ಹೋಗಿ ಸೋತವರಲ್ಲಿ ‘ಆಸ್ಪತ್ರೆಯವರು ಹೇಳಿದ್ದೂ ಆಗಲಿಲ್ಲ’ ಎಂಬ ನಿರಾಸೆ ಸೇರಿಕೊಳ್ಳುತ್ತದೆ. ಅದು ಏನೂ ಮಾಡದೆ ಇರುವುದಕ್ಕಿಂತ ಕೆಟ್ಟದ್ದು, ಯಾಕೆಂದರೆ ಮುಂದಿನ ಸಲ ಅವರು ಪ್ರಯತ್ನವನ್ನೇ ಮಾಡುವುದಿಲ್ಲ. ಹೆಚ್ಚಿನವರು ಕಾಯಂ ಆಗಿ ಬಿಡುವ ಮುಂಚೆ ಹಲವು ಸಲ ಸೋತಿರುತ್ತಾರೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಇನ್ನೊಂದು ದಾರಿಯಲ್ಲಿ ಯಶಸ್ಸನ್ನು ಅಳೆಯುವ ಕೋಲೇ ಬೇರೆ. ಎಷ್ಟು ಜನ ಆಪ್ ಹಾಕಿಕೊಂಡರು ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆಸ್ಪತ್ರೆಗೆ ಬಂದವರಲ್ಲಿ ಎಷ್ಟು ಜನರನ್ನು ತಂಬಾಕಿನ ಬಗ್ಗೆ ಕೇಳಿದರು, ಬಿಡಲು ಒಪ್ಪಿದವರಲ್ಲಿ ಎಷ್ಟು ಜನರಿಗೆ ಗಮ್ ಸಿಕ್ಕಿತು, ಮೂರನೇ ದಿನದ ಫೋನ್ ಎಷ್ಟು ಜನರಿಗೆ ನಿಜಕ್ಕೂ ಹೋಯಿತು, ಆರು ತಿಂಗಳಾದ ಮೇಲೆ ಎಷ್ಟು ಜನ ಬಿಟ್ಟೇ ಇದ್ದಾರೆ ಎಂಬುದನ್ನು ನೋಡಬೇಕು. ಮುಂದೆ ಇಂಥ ಆಪ್‌ನ ಸುದ್ದಿ ಬಂದಾಗ ಪತ್ರಕರ್ತರೂ ಓದುಗರೂ ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಕೇಳಬೇಕಾದ ಪ್ರಶ್ನೆಗಳು ಇವೇ.

ಬಿಟ್ಟ ಇಪ್ಪತ್ತು ನಿಮಿಷಕ್ಕೇ ಎದೆಬಡಿತ ಇಳಿಯಲು ಶುರುವಾಗುತ್ತದೆ. ಹನ್ನೆರಡು ಗಂಟೆಯಲ್ಲಿ ರಕ್ತದ ಕಾರ್ಬನ್ ಮೊನಾಕ್ಸೈಡ್ ಸಾಮಾನ್ಯ ಮಟ್ಟಕ್ಕೆ ಬರುತ್ತದೆ. ಒಂದು ವರ್ಷ ದಾಟಿದರೆ ಹೃದಯದ ಕಾಯಿಲೆಯ ಅಪಾಯ ಸೇದುವವರಿಗಿಂತ ಸುಮಾರು ಅರ್ಧ. ಸೋಮವಾರ ಬೀಡಿ ಬಿಟ್ಟ ಹಮಾಲಿಗೆ ಗುರುವಾರ ನಸುಕಿಗೆ ಲೋಡು ಎತ್ತುವಾಗ ಕೈ ನಡುಗುತ್ತದೆ, ಪಕ್ಕದವರು ಕಟ್ಟು ಮುಂದೆ ಹಿಡಿಯುತ್ತಾರೆ. ಅದಕ್ಕೂ ಮೊದಲು, ಬುಧವಾರ ಸಂಜೆ ಅವರ ಫೋನ್ ರಿಂಗ್ ಆಗಿ, ಆ ಕಡೆಯಿಂದ ಊರಿನ ನರ್ಸ್ ‘ಹೇಗಿದ್ದೀರಾ ಅಣ್ಣ, ತುಂಬಾ ಕಷ್ಟ ಆಗ್ತಿದೆಯಾ?’ ಅಂತ ಕೇಳಬೇಕು.